ಚಾವಡಿ ಮುಂದೆ ಕೈಗೆ ಬರುವ ಚಪ್ಪಲಿ

ಡಾಕ್ಟರು ಮೊದಲು ಕಾಲು ನೋಡಿದರು. ಆಮೇಲೆ ಚಪ್ಪಲಿ ನೋಡಿದರು. ಆಮೇಲೆ ಚಪ್ಪಲಿಯನ್ನು ಕೈಗೆತ್ತಿಕೊಂಡು, ಮಗುಚಿ, ಅದರ ತಳ ನೋಡಿದರು.

ಚಿಕ್ಕೋಡಿಯ ಒಂದು ದವಾಖಾನೆ. ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ಹೊರಗೆ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಫ್ಯಾಕ್ಟರಿಯ ಕಡೆ ಹೊರಟಿದ್ದವು. ಒಳಗೆ ಡಾಕ್ಟರು ಮಾತ್ರ ಆ ಚಪ್ಪಲಿಯನ್ನು ಎಕ್ಸ್‌ರೇ ನೋಡಿದ ಹಾಗೆ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಶುಗರ್ ಇದ್ದವರಿಗೆಂದೇ ಮಾಡುವ ಚಪ್ಪಲಿ ಅದು. ಕರಿ ಬಣ್ಣ, ಮೆತ್ತನೆಯ ಅಟ್ಟೆ, ಹಿಮ್ಮಡಿಗೆ ಅಂಟಿಸುವ ಪಟ್ಟಿ. ನೋಡಲು ಏನೂ ಚೆಂದವಿಲ್ಲ. ಕಾಲಿಗೆ ಮಾತ್ರ ಹಾಸಿಗೆ ಇದ್ದ ಹಾಗೆ. ಅವರೇ ಹೇಳಿ ತರಿಸಿದ್ದು.

"ಚಪ್ಲಿ ಭಾಳ ಜ್ವಾಕಿ ಮಾಡೀರಿ ನೋಡ್ರಿ," ಎಂದರು ಡಾಕ್ಟರು. "ಕಾಲಷ್ಟ ಮಾಡಿಲ್ಲ."

ಕಾಲಿನ ಕಿರುಬೆರಳ ಬುಡದಲ್ಲಿ ಗಾಯ. ಅದರೊಳಗೊಂದು ಸಣ್ಣ ಹರಳು. ಚಿಮಟದಿಂದ ತೆಗೆದು ತಟ್ಟೆಗೆ ಹಾಕಿದಾಗ ಟಣ್ ಎಂದಿತು. ಅದು ಯಾವಾಗ ಹೊಕ್ಕಿತ್ತೋ, ಕಾಲಿನ ಒಡತಿಗೆ ಗೊತ್ತಿಲ್ಲ. ಶುಗರ್ ಹಳೆಯದಾದರೆ ಹಾಗೇ. ಕಾಲು ನಮ್ಮದೇ, ಸುದ್ದಿ ಮಾತ್ರ ಮೇಲೆ ಬರುವುದಿಲ್ಲ.

ಡಾಕ್ಟರು ಬೈಯಲಿಲ್ಲ. ಒಂದೇ ಮಾತು ಹೇಳಿದರು. ಇನ್ನು ಬರಿಗಾಲಲ್ಲಿ ನಡೆದರೆ, ಗಾಯ ಕೆದರಿದರೆ, ಬೆರಳು ತೆಗೆಯಬೇಕಾಗುತ್ತದೆ. ಬೆರಳಿಗೇ ನಿಲ್ಲುತ್ತದೆ ಎಂಬ ಗ್ಯಾರಂಟಿ ತಾನು ಕೊಡುವುದಿಲ್ಲ.

ಕಾಲಿನ ಒಡತಿ ಕಿಟಕಿಯಾಚೆ ಟ್ರ್ಯಾಕ್ಟರು ನೋಡುತ್ತಿದ್ದಳು. ಯಾರದೋ ಕಾಲಿನ ಮಾತು ನಡೆದಿದೆ ಎಂಬಂತೆ.

ಆಕೆ ಅಕ್ಕಾತಾಯಿ. ನನ್ನ ಅಣ್ಣನ ಹೆಂಡತಿ. ನಾನು ವೈನಿ ಎನ್ನುತ್ತೇನೆ, ಅಣ್ಣನಿಗೆ ದಾದಾ ಎನ್ನುತ್ತೇನೆ. (ನಮ್ಮ ಗಡಿ ಭಾಗದಲ್ಲಿ ಮರಾಠಿ, ಕನ್ನಡ ಒಂದೇ ತಾಟಿನಲ್ಲಿ ಉಣ್ಣುತ್ತವೆ. ಜಗಳವಾಡುವವರು ಬೇರೆ.) ರಾಯಬಾಗದಿಂದ ಕುಡಚಿಯ ಕಡೆ ಹೊರಟರೆ ಎಡಕ್ಕೆ ಸಿಗುವ ಊರು ನಮ್ಮದು. ನನಗೆ ತವರು, ವೈನಿಗೆ ಗಂಡನ ಮನೆ; ನಾನಿರುವುದು ಚಿಕ್ಕೋಡಿಯಲ್ಲಿ.

ಈ ವೈನಿಯನ್ನು ನೀವು ಸಪ್ಪೆ ಹೆಂಗಸು ಅಂದುಕೊಳ್ಳಬೇಡಿ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಮೆಂಬರ್ ಆಗಿದ್ದವಳು. ಶಾಲೆಯ ಎದುರಿಗಿದ್ದ ಸಾರಾಯಿ ಅಂಗಡಿಯನ್ನು ಎತ್ತಿಸಿದವಳು. ಆ ಅಂಗಡಿಯವನು ದೊಡ್ಡವರನ್ನು ಕರೆತಂದಾಗ, "ಅವ್ರೂ ಬರ್ಲಿ, ಅವ್ರ ಹೆಂಡ್ರನ್ನೂ ಕರ್ಕೊಂಡ ಬರ್ಲಿ, ಮಾತಾಡೂಣು" ಎಂದವಳು. ಈಗಲೂ ಹೆಣ್ಣುಮಕ್ಕಳ ಸಂಘ ನಡೆಸುತ್ತಾಳೆ.

ಇಂಥವಳು ಹೊಸ ಚಪ್ಪಲಿ ಇಟ್ಟುಕೊಂಡು ಬರಿಗಾಲಲ್ಲಿ ಯಾಕೆ ನಡೆದಳು?

ಕೇಳಿದರೆ ಹೇಳಲಿಲ್ಲ. ಸರಿ, ನಾನೇ ಊರಿಗೆ ಬಿಟ್ಟುಬರುತ್ತೇನೆ ಎಂದು ಹೊರಟೆ. ಚಿಕ್ಕೋಡಿಯಿಂದ ರಾಯಬಾಗಕ್ಕೆ ಬಸ್ಸು. ಅಲ್ಲಿಂದ ಟಂಟಂ. (ಮೂರು ಗಾಲಿಯ ಈ ವಾಹನದಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂಬುದು ಅದರ ಡ್ರೈವರಿಗೂ ಗೊತ್ತಿಲ್ಲ.) ನಾನು ತವರಿಗೆ ಹೋಗುವುದು ಮಗನ ಕಾರಿನಲ್ಲಿ, ನೇರ ಮನೆ ಬಾಗಿಲಿಗೆ. ಊರಿನೊಳಗೆ ಬಸ್‌ಸ್ಟಾಪಿನಿಂದ ಮನೆಯವರೆಗೆ ನಡೆಯದೇ ಎಷ್ಟೋ ವರ್ಷಗಳಾಗಿದ್ದವು.

ನಡೆದೆವು. ಡೇರಿ ದಾಟಿತು. ಹಿಟ್ಟಿನ ಗಿರಣಿ ದಾಟಿತು. ವೈನಿ ಸಂಘದ ಸುದ್ದಿ ಹೇಳುತ್ತ ಬರುತ್ತಿದ್ದಳು. ಚಾವಡಿಯ ತಿರುವು ಬಂತು. ಮಾತು ನಿಲ್ಲಿಸಲಿಲ್ಲ. ಹೇಳುತ್ತ ಹೇಳುತ್ತಲೇ ಗೋಡೆಗೆ ಒಂದು ಕೈ ಕೊಟ್ಟು ಬಗ್ಗಿದಳು.

ಪರ್ ಎಂದು ಸದ್ದಾಯಿತು. ಪಟ್ಟಿ ಬಿಚ್ಚಿದ ಸದ್ದು. ಮತ್ತೊಮ್ಮೆ ಪರ್.

ಎರಡೂ ಚಪ್ಪಲಿ ಸೆರಗಿನ ಮರೆಗೆ ಬಂದವು. ಬ್ಯಾಂಡೇಜ್ ಕಟ್ಟಿದ ಕಾಲು ಹರಳಿನ ಮೇಲೆ ಇಳಿಯಿತು.

ನಾನು ಕೂಗಬೇಕು ಎಂದುಕೊಂಡೆ. ಅಷ್ಟರಲ್ಲಿ ನೆಲ ತಣ್ಣಗೆ ತಾಗಿತು. ನೋಡಿಕೊಂಡರೆ ನನ್ನ ಚಪ್ಪಲಿ ನನ್ನ ಕೈಯಲ್ಲಿ.

ವಾರಕ್ಕೊಮ್ಮೆ ಇದೇ ಜಾಗದಲ್ಲಿ ನಿಮಗೆ ಹೆಣ್ಣುಮಕ್ಕಳ ಹಕ್ಕು, ಧೈರ್ಯ ಎಂದೆಲ್ಲ ಹೇಳುವವಳು ನಾನು. ಕಾಲು ನನ್ನನ್ನು ಕೇಳಲೇ ಇಲ್ಲ. ಹುಡುಗಿಯಾಗಿದ್ದಾಗ ಕಲಿತದ್ದನ್ನು ತಾನೇ ಮಾಡಿ ಮುಗಿಸಿತ್ತು.

ಚಾವಡಿಯ ಕಟ್ಟೆಯ ಮೇಲೆ ಊರಿನ ಹಿರಿಯರು ಕೂತಿದ್ದರು. ಅವರ ನಡುವೆ ದಾದಾನೂ ಇದ್ದ. ನಮ್ಮನ್ನು ಕಂಡು ಎದ್ದು ಬಂದ. ಹೆಂಡತಿಯ ಕೈಯಿಂದ ಬ್ಯಾಗು ಇಸಕೊಂಡ. "ಏನಂದ್ರು ಡಾಕ್ಟರ? ಗಾಯ ಹೆಂಗೈತಿ?" ಎಂದು ಕೇಳಿದ. ನಿಜವಾದ ಕಾಳಜಿಯಿಂದಲೇ ಕೇಳಿದ.

ಚಪ್ಪಲಿ ಹಿಡಿದ ಕೈಯನ್ನು ಸೆರಗಿನಲ್ಲಿ ಸರಿಮಾಡಿಕೊಳ್ಳುತ್ತ ವೈನಿ, "ಏನಿಲ್ಲ, ಜ್ವಾಕಿ ಮಾಡ್ರಿ ಅಂದ್ರು," ಎಂದಳು.

ಅವನಿಗೆ ಕಾಣಲಿಲ್ಲ. ಅವಳಿಗೂ ಹೇಳಬೇಕೆನಿಸಲಿಲ್ಲ. ಮಧ್ಯದಲ್ಲಿ ನಾನು ನನ್ನ ಚಪ್ಪಲಿ ಹಿಡಿದು ನಿಂತಿದ್ದೆ.

ಈ ವಾರ ಪೇಪರಿನ ತುಂಬ ಗಣರಾಜ್ಯೋತ್ಸವ. ಸಂವಿಧಾನ, ಸ್ವಾತಂತ್ರ್ಯ, ಹೋರಾಟ ಎಂದು ದೊಡ್ಡವರು ದೊಡ್ಡದಾಗಿ ಬರೆದಿದ್ದಾರೆ. ಓದಿ. ಚೆನ್ನಾಗಿವೆ. ನನಗೆ ಗೊತ್ತಿರುವುದು ನಮ್ಮೂರಿನ ಕಾಲಿನ ಚರಿತ್ರೆ ಮಾತ್ರ. ಅದನ್ನೇ ಹೇಳುತ್ತೇನೆ.

ನಮ್ಮ ಅಜ್ಜ ಚಲೇಜಾವ್ ಚಳವಳಿಯವನು. ಭೂಗತರಾಗಿದ್ದವರಿಗೆ ಸುದ್ದಿ ಮುಟ್ಟಿಸುತ್ತಿದ್ದ. ಚಾವಡಿಯ ಎದುರು ನೆಟ್ಟ ಕಲ್ಲಿನ ಮೇಲೆ ಅವನ ಹೆಸರಿದೆ. ಆದರೆ ಆ ಸುದ್ದಿಗಳು ನಿಜವಾಗಿ ಹೋಗುತ್ತಿದ್ದದ್ದು ಅಜ್ಜಿಯ ಬುಟ್ಟಿಯಲ್ಲಿ, ರೊಟ್ಟಿಯ ಕೆಳಗೆ. ಹೊಲಕ್ಕೆ ಬುತ್ತಿ ಒಯ್ಯುವ ಹೆಂಗಸನ್ನು ಯಾವ ಪೊಲೀಸ ತಡೆಯುತ್ತಾನೆ? ಅಜ್ಜಿ ಪೊಲೀಸರ ಮುಂದೆ ತಲೆ ಎತ್ತಿ ಹೋಗುತ್ತಿದ್ದಳಂತೆ. ಚಾವಡಿಯ ಮುಂದೆ ಮಾತ್ರ ತಲೆ ತಗ್ಗಿಸಿ. ಚಪ್ಪಲಿ ಬಿಡುವ ಪ್ರಶ್ನೆ ಅವಳಿಗೆ ಬರಲೇ ಇಲ್ಲ. ಅವಳ ಹತ್ತಿರ ಚಪ್ಪಲಿಯೇ ಇರಲಿಲ್ಲ.

ಅವ್ವನಿಗೆ ಇದ್ದವು. ಆದರೆ ಚೀಲದಲ್ಲಿ. ಊರ ಹೊರಗಿನ ಹಳ್ಳ ದಾಟಿದ ಮೇಲೆ ತೆಗೆದು ಮೆಟ್ಟುತ್ತಿದ್ದಳು. ವಾಪಸು ಬರುವಾಗ ಅದೇ ಹಳ್ಳದಲ್ಲಿ ತೊಳೆದು ಚೀಲಕ್ಕೆ. ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗುವಾಗ ನಾನು ಅದನ್ನು ನೋಡಿದ್ದೇನೆ. ಅವ್ವನ ಚಪ್ಪಲಿಗೆ ಊರು ಗೊತ್ತೇ ಇರಲಿಲ್ಲ.

ವೈನಿಯ ಕಾಲಕ್ಕೆ ಓಣಿಯಲ್ಲಿ ಮೆಟ್ಟುವುದು ನಡೆಯಿತು. ಚಾವಡಿಯ ತಿರುವಿನಲ್ಲಿ ಕೈಗೆ. ಪಂಚಾಯಿತಿ ಮೆಂಬರ್ ಆಗಿದ್ದಾಗಲೂ ಅಷ್ಟೇ. ಮೀಟಿಂಗಿಗೆ ಹೊರಟು, ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು, ಆಚೆ ಹೋಗಿ ಮೆಟ್ಟಿಕೊಂಡು, ಪಂಚಾಯಿತಿಯ ಕುರ್ಚಿಯಲ್ಲಿ ಕೂತು ಸಹಿ ಹಾಕಿ, ಬರುವಾಗ ಮತ್ತೆ ಕೈಯಲ್ಲಿ ಹಿಡಿದು.

ಈಗಿನ ಹುಡುಗಿಯರು? ಅವರು ಸ್ಕೂಟಿಯ ಮೇಲೆ ಹೋಗುತ್ತಾರೆ. ಕಾಲು ನೆಲಕ್ಕೇ ತಾಗುವುದಿಲ್ಲ, ಹಾಗಾಗಿ ಕಾಯಿದೆಯೂ ತಾಗುವುದಿಲ್ಲ. ಅದೇ ಹುಡುಗಿ ಮದುವೆಯಾಗಿ ಬಂದವಳಾಗಿದ್ದು, ನಡೆದು ಹೊರಟರೆ? ಅತ್ತೆಯ ಕೈ ನೋಡುತ್ತಾಳೆ. ಅತ್ತೆ ಬಗ್ಗಿದರೆ ಅವಳೂ ಬಗ್ಗುತ್ತಾಳೆ.

ಇನ್ನೊಂದು ಹೇಳದಿದ್ದರೆ ಈ ಚರಿತ್ರೆ ಸುಳ್ಳಾಗುತ್ತದೆ. ಅಥಣಿ, ನಿಪ್ಪಾಣಿಯ ಕಡೆ ಹೊಲಿದ ಚಪ್ಪಲಿಯನ್ನು ಜಗತ್ತು ಕೊಲ್ಹಾಪುರದ ಹೆಸರಿನಲ್ಲಿ ಮೆಟ್ಟುತ್ತದೆ. ನಮ್ಮೂರ ಕೇರಿಯಲ್ಲೂ ಹೊಲಿಯುವ ಮನೆಗಳಿದ್ದವು. ಊರಿಗೆಲ್ಲ ಚಪ್ಪಲಿ ಕೊಟ್ಟ ಆ ಗಂಡಸರು ತಾವು ಮಾತ್ರ ಚಾವಡಿಯ ಮುಂದೆ ಬರಿಗಾಲಲ್ಲಿ ಹೋಗಬೇಕಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಅವರೆಲ್ಲ ಸೇರಿ, ತಾವೇ ಹೊಲಿದ ಚಪ್ಪಲಿ ಮೆಟ್ಟಿ, ಚಾವಡಿಯ ಮುಂದೆ ನಡೆದರು. ಕರ್ರ್ ಕರ್ರ್ ಎಂಬ ಆ ಸದ್ದು ನಮ್ಮ ಅಟ್ಟದವರೆಗೆ ಕೇಳಿತ್ತು.

ಕಲ್ಲು ಬಿದ್ದವು. ಒಬ್ಬನ ಹಣೆ ಒಡೆಯಿತು. ಕೇರಿಗೆ ಕೂಲಿ ಬಂದ್, ಗಿರಣಿ ಬಂದ್, ಹಾಲು ಬಂದ್. ಪೊಲೀಸ್ ವ್ಯಾನು ಬಂದು ನಿಂತಿತು. ಅವರು ಮರುದಿನವೂ ನಡೆದರು. ಅದರ ಮರುದಿನವೂ. ಕೊನೆಗೆ ಕಟ್ಟೆ ಸುಮ್ಮನಾಯಿತು. ನಮ್ಮೂರಿನಲ್ಲಿ ಕಾಲಿನ ಸ್ವಾತಂತ್ರ್ಯಕ್ಕಾಗಿ ನಡೆದ ನಿಜವಾದ ಹೋರಾಟ ಅದೊಂದೇ. ಚಾವಡಿಯ ಎದುರಿನ ಆ ಕಲ್ಲಿನ ಮೇಲೆ ಅವರ ಹೆಸರಿಲ್ಲ.

ಆದರೆ ಆ ಸಾಲಿನಲ್ಲಿ ಹೆಂಗಸರು ಇರಲಿಲ್ಲ. ಹಾಗಾಗಿ ಏನಾಯಿತು? ಕೇರಿಯ ಗಂಡಸರ ಚಪ್ಪಲಿ ಕಾಲಿಗೆ ಬಂತು. ಕೇರಿಯ ಹೆಂಗಸರದೂ ನಮ್ಮ ಮನೆಯ ಹೆಂಗಸರದೂ ಕೈಯಲ್ಲೇ ಉಳಿಯಿತು. ಅದೊಂದರಲ್ಲಿ ನಮ್ಮೂರಿನಲ್ಲಿ ಜಾತಿಭೇದವಿಲ್ಲ.

ಅಂದು ಸಂಜೆ ಮನೆಯಲ್ಲಿ ದಾದಾನ ಮುಂದೆ ಮಾತು ತೆಗೆದೆ. ನಿನ್ನ ಹೆಂಡತಿಯ ಕಾಲಿಗೆ ಹರಳು ಹೊಕ್ಕಿದ್ದು ನಿನ್ನ ಕಟ್ಟೆಯ ಮುಂದೆಯೇ ಎಂದೆ.

ದಾದಾ ಕಂಗಾಲಾದ. ನಟನೆಯಲ್ಲ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ.

"ಚಪ್ಲಿ ಬಿಡು ಅಂತ ಯಾರ ಹೇಳ್ಯಾರ ಆಕಿಗೆ? ನಾ ಹೇಳೀನೇನು?"

ಯಾರೂ ಹೇಳಿಲ್ಲ ಎಂದೆ.

"ಮತ್ತ? ಅಲ್ಲಿ ಹನುಮಪ್ಪನ ಗುಡಿ ಐತಿ, ದೇವರಿಗಂತ ಬಿಡ್ತಿರಬೇಕು."

"ಹನುಮಪ್ಪಗ ಹೆಣ್ಮಕ್ಕಳ ಚಪ್ಲಿ ಅಷ್ಟ ಕಾಣ್ತಾವೇನ ದಾದಾ? ನಿಮ್ಮವು ಕಾಣೂದಿಲ್ಲ?"

ದಾದಾ ನಗಲಿಲ್ಲ. ಹೆಂಡತಿಯ ಕಾಲು ನೋಡುತ್ತ ಕೂತ. ಒಳ್ಳೆಯ ಮನುಷ್ಯ ಅವನು. ಆ ಕರಿ ಚಪ್ಪಲಿಯನ್ನು ಸಾಂಗಲಿಯವರೆಗೆ ಹೋಗಿ ಹುಡುಕಿ ತಂದವನು ಅವನೇ. ಕಣ್ಣೆದುರಿಗೆ ದಿನಾ ನಡೆಯುವುದು ಕಾಣದಿರಲು ಕೆಟ್ಟವನೇ ಆಗಿರಬೇಕೆಂದಿಲ್ಲ, ಅಲ್ಲವೇ?

ಮರುದಿನ ಬೆಳಿಗ್ಗೆ ಅವನು ಕಟ್ಟೆಗೆ ಹೋಗಿ ವಿಷಯ ಇಟ್ಟ. ಅಲ್ಲಿ ನಡೆದದ್ದನ್ನು ಅವನೇ ಬಂದು ಹೇಳಿದ. ಕಟ್ಟೆಯಲ್ಲಿ ಹಿರಿಯನಾದ ಬಾಳು ಕಾಕಾ ಎಲ್ಲರ ಮಾತು ಕೇಳಿದ. ಒಬ್ಬರು, ನಾವೇನು ಯಾವತ್ತೂ ಯಾರಿಗೂ ಹೇಳಿಲ್ಲ ಎಂದರು. ಇನ್ನೊಬ್ಬರು, ಹೇಳಿಲ್ಲ ಖರೆ, ಆದರೆ ಪದ್ಧತಿ ಅನ್ನುವುದು ಒಂದು ಇರುತ್ತದೆ ಎಂದರು. ಮತ್ತೊಬ್ಬರು, ಡಾಕ್ಟರು ಹೇಳಿದ ಮೇಲೆ ಮುಗಿಯಿತಲ್ಲ ಎಂದರು. ಚಹಾ ಬಂತು. ಚಹಾ ಮುಗಿಯುವುದರೊಳಗೆ ತೀರ್ಮಾನವೂ ಆಯಿತು.

ಶುಗರ್ ಇದ್ದ ಹೆಣ್ಣುಮಕ್ಕಳು ಚಾವಡಿಯ ಮುಂದೆ ಚಪ್ಪಲಿ ಮೆಟ್ಟಿ ಹೋಗಬಹುದು. ಅಭ್ಯಂತರವಿಲ್ಲ.

ಯಾವತ್ತೂ ಹಾಕದೇ ಇದ್ದ ಕಾಯಿದೆಯಿಂದ ರಿಯಾಯಿತಿ! ದಾದಾ ಅದನ್ನು ಗೆದ್ದು ತಂದವನ ಮುಖದಲ್ಲಿ ಹೇಳಿದ. ನನಗೂ, ಸುಳ್ಳೇಕೆ, ಒಂದು ಕೆಲಸ ಆಯಿತು ಅನಿಸಿತು. ಅಡುಗೆಮನೆಗೆ ಓಡಿ, "ವೈನಿ, ಕಟ್ಟೀ ಮ್ಯಾಲಿನವ್ರು ಒಪ್ಯಾರ. ಇನ್ನ ಬಿಂದಾಸ್ ಹಾಕ್ಕೊಂಡ ಹೋಗು," ಎಂದೆ.

ವೈನಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಒಪ್ಪಾಕ ಅವ್ರ್ಯಾರ?"

ಆಗ ಪಕ್ಕದ ಮನೆಯ ಮುಮ್ತಾಜ ಭಾಬಿ ಅಲ್ಲೇ ಕೂತಿದ್ದಳು. ಹೊಲಿಗೆ ಮಷೀನಿನ ಮೇಲೆ ಊರ ಹೆಂಗಸರ ಜಂಪರೆಲ್ಲ ಹೊಲಿಯುವವಳು. ಬುರ್ಖಾ ಹಾಕಿಕೊಂಡು ಹೊರಟರೂ ಆ ತಿರುವಿನಲ್ಲಿ ಅವಳ ಚಪ್ಪಲಿಯೂ ಕೈಗೇ ಬರುತ್ತದೆ. ತೀರ್ಮಾನ ಕೇಳಿ ಹೊಟ್ಟೆ ಹಿಡಿದು ನಕ್ಕಳು. "ಹಂಗಾದ್ರ ನನಗೂ ಶುಗರ್ ಬರ್ಲಿ ಅಂತ ದುವಾ ಮಾಡ್ಲೇನಬೇ?"

ನಾವೂ ನಕ್ಕೆವು. ನಗು ಮುಗಿದ ಮೇಲೆ ನಾನು ಬಿಡಲಿಲ್ಲ. ಅವರು ಯಾರೂ ಅಲ್ಲ ಅಂದಮೇಲೆ ಅವರ ಮುಂದೆ ಬಿಡುವುದಾದರೂ ಯಾಕೆ? ನೀನೇ ಮೆಟ್ಟಿ ನಡೆ. ಯಾರ ಒಪ್ಪಿಗೆಯೂ ಬೇಡ. ಕೇರಿಯವರು ಕೇಳಿ ಮೆಟ್ಟಿದರೇ?

ವೈನಿ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಆಮೇಲೆ ಹೇಳಿದಳು.

"ಅವ್ರಿಗೆ ಎದುರಿಗಿದ್ದವ್ರು ಬ್ಯಾರೆಯವ್ರು, ತಂಗಿ. ಬ್ರಿಟಿಷರೂ ಗಂಟು ಕಟ್ಕೊಂಡು ಹಡಗ ಹತ್ತಿ ಹೋದ್ರು. ನನಗ ಎದುರಿಗೆ ಕುಂತಾವ ನಿಮ್ಮಣ್ಣ. ಸಂಜಿಗೆ ಅವಗ ರೊಟ್ಟಿ ನಾನ ಬಡೀಬೇಕಲ್ಲ?"

ಸ್ವಾತಂತ್ರ್ಯದ ಬಗ್ಗೆ ನಾನು ಓದಿದ್ದರಲ್ಲೆಲ್ಲ ಆ ಕಡೆ ಅವರು, ಈ ಕಡೆ ನಾವು. ನಡುವೆ ಗೆರೆ. ಆ ಕಡೆಯವನಿಗೆ ಔಷಧಿ ನೆನಪಿಸುವ, ಅವನ ಬನಿಯನ್ ಒಗೆಯುವ, ಅವನು ತಡವಾಗಿ ಬಂದರೆ ಬಾಗಿಲಲ್ಲಿ ನಿಂತು ಕಾಯುವ ಹೋರಾಟಗಾರರ ಬಗ್ಗೆ ಎಲ್ಲೂ ಓದಿಲ್ಲ.

ನಾನು ಚಿಕ್ಕೋಡಿಗೆ ವಾಪಸು ಬಂದೆ. ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದೆ. ಚಪ್ಪಲಿ ಮೆಟ್ಟುತ್ತೀಯಾ ಎಂದು ಕೇಳಿದರೆ, "ಹೂಂ, ಬಿಡೂದ ಇಲ್ಲ ಈಗ," ಎನ್ನುತ್ತಿದ್ದಳು. ಚಾವಡಿಯ ಮುಂದೆಯೂ? "ಅಲ್ಲಿ ಬರಿಗಾಲಾಗ ಹೋಗೂದಿಲ್ಲ ಅಂದ್ನಲ್ಲ." ನನಗೆ ಖುಷಿ. ಆ ಮಾತಿನಲ್ಲಿ ಏನು ಅಡಗಿದೆ ಎಂದು ಹೊಳೆಯಲಿಲ್ಲ.

ಅವಳು ಬರಿಗಾಲಲ್ಲಿ ಹೋಗುತ್ತಿರಲಿಲ್ಲ, ನಿಜ. ಚಾವಡಿಯ ಮುಂದೆ ಹೋಗುವುದನ್ನೇ ಬಿಟ್ಟಿದ್ದಳು.

ನಮ್ಮ ಮನೆಯ ಹಿಂದೆ ಹಿತ್ತಲು ದಾಟಿದರೆ ಕಬ್ಬಿನ ಹೊಲ. ಅದರ ಬದುವಿನ ಮೇಲೆ ನಡೆದು, ಕಾಲುವೆಯ ಪಕ್ಕ ಹಿಡಿದು, ಊರನ್ನು ಪೂರಾ ಒಂದು ಸುತ್ತು ಹಾಕಿದರೆ ಗಿರಣಿಯ ಹಿಂದೆ ಬರಬಹುದು. ಡೇರಿಗೂ ಅದೇ ದಾರಿ. ಸಂಘದ ಮೀಟಿಂಗಿಗೂ ಅದೇ. ಹಾಲಿನ ಕ್ಯಾನು ಹಿಡಿದು, ಹಿಟ್ಟಿನ ಡಬ್ಬಿ ಹೊತ್ತು ಅವಳು ದಿನಾ ಆ ಸುತ್ತು ಹೊಡೆಯುತ್ತಿದ್ದಳು. ಚಪ್ಪಲಿ ಮೆಟ್ಟಿಯೇ. ಡಾಕ್ಟರ ಮಾತೂ ನಡೆಯಿತು, ಕಟ್ಟೆಯ ಉಪಕಾರವೂ ಬೇಡವಾಯಿತು, ಗಂಡನ ಮುಖವೂ ಉಳಿಯಿತು. ಮೂರನ್ನೂ ಒಟ್ಟಿಗೆ ಕಾಯುವ ದಾರಿ ಊರಲ್ಲಿ ಅದೊಂದೇ ಇತ್ತು.

ಅಷ್ಟೇ ಅಲ್ಲ. ದಾರಿ ಅವಳೊಬ್ಬಳದೇ ಆಗಿ ಉಳಿಯಲಿಲ್ಲವಂತೆ. ಮುಮ್ತಾಜ ಭಾಬಿ ಒಂದು ದಿನ ಜೊತೆಗೆ ಹೊರಟಳು. ಕೇರಿಯ ಇಬ್ಬರು ಕೂಡಿಕೊಂಡರು. ಬದುವಿನ ಹುಲ್ಲು ಸವೆದು ಕಾಲುದಾರಿ ಬಿತ್ತು. ಚಪ್ಪಲಿ ಮೆಟ್ಟಿದ ಹೆಂಗಸರು ಸಾಲಾಗಿ, ಕಬ್ಬಿನ ಮರೆಯಲ್ಲಿ, ಊರಿಗೆ ಕಾಣದ ಹಾಗೆ. ಮುಮ್ತಾಜ ಭಾಬಿ ಅದಕ್ಕೆ "ಬೈಪಾಸ್" ಎಂದು ಹೆಸರಿಟ್ಟಳು. ನಗುತ್ತ ಹೋಗುತ್ತಿದ್ದರಂತೆ. ಚೆನ್ನಾಗಿಯೇ ಇತ್ತಂತೆ.

ಕಟ್ಟೆಯವರಿಗೆ ಇದೇನೂ ಗೊತ್ತಾಗಲಿಲ್ಲ. ತಿರುವಿನಲ್ಲಿ ಹೆಂಗಸರ ಓಡಾಟ ಕಡಿಮೆಯಾಗಿದೆ ಎಂದು ಯಾರಿಗೂ ಅನಿಸಲಿಲ್ಲ.

ಆಮೇಲೆ ಕಬ್ಬು ಕಡಿದರು.

ಕಬ್ಬು ಕಡಿದ ಹೊಲ ನೋಡಿದ್ದೀರಲ್ಲ? ಬುಡಗಳು ಓರೆಯಾಗಿ, ಚೂಪಾಗಿ, ನೆಲದಿಂದ ಗೇಣು ಮೇಲೆ ನಿಂತಿರುತ್ತವೆ. ಮೇಲೆ ಒಣಗಿದ ಗರಿಯ ರವದಿ ಬಿದ್ದು ಬುಡ ಕಾಣುವುದಿಲ್ಲ. ಟ್ರ್ಯಾಕ್ಟರು ಓಡಾಡಿ ಬದು ಕುಸಿದಿತ್ತು. ವೈನಿ ಹೊಲದಲ್ಲೇ ಇಳಿದು ನಡೆದಳು. ಅಟ್ಟೆಯ ಕೆಳಗಿನಿಂದ ಏನೂ ಬರಲಿಲ್ಲ, ಚಪ್ಪಲಿ ಗಟ್ಟಿಯಾಗಿತ್ತು. ಪಕ್ಕದಿಂದ ಬಂತು. ಕಬ್ಬಿನ ಬುಡ ಕಿರುಬೆರಳ ಹಳೆಯ ಗಾಯಕ್ಕೇ ಇರಿಯಿತು. ಅವಳಿಗೆ ತಿಳಿಯಲಿಲ್ಲ. ಡೇರಿಗೆ ಹೋಗಿ ಹಾಲು ಹಾಕಿ ಮನೆಗೆ ಬಂದಳು. ಅಡುಗೆಮನೆಯ ಫರಸಿಯ ಮೇಲೆ ಕೆಂಪು ಹೆಜ್ಜೆ ಕಂಡು ಯಾರ ಕಾಲು ಇದು ಎಂದು ತಾನೇ ಕೇಳಿದಳಂತೆ.

ಮನೆಯಲ್ಲೇ ಅರಿಸಿನ ಕಟ್ಟಿಕೊಂಡು ದಿನ ನೂಕಿದಳು. ನನಗೆ ಹೇಳಲಿಲ್ಲ. ಜ್ವರ ಬಂದು ದಾದಾ ಚಿಕ್ಕೋಡಿಗೆ ಕರೆತಂದಾಗ ಬೆರಳು ಕಪ್ಪಾಗಿತ್ತು.

ತೆಗೆದರು. ಕಿರುಬೆರಳೊಂದೇ. ಡಾಕ್ಟರು, ಇಷ್ಟಕ್ಕೇ ಉಳಿದದ್ದು ದೊಡ್ಡದು ಎಂದರು.

ಆಪರೇಷನ್ ನಡೆಯುವಾಗ ದಾದಾ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಮುಮ್ತಾಜ ಭಾಬಿ ಅವನಿಗೆ ಬೈಪಾಸಿನ ಕತೆ ಪೂರ್ತಿ ಹೇಳಿಬಿಟ್ಟಿದ್ದಳು. ನಾನು ಚಹಾ ಕೊಟ್ಟೆ. ಕುಡಿಯಲಿಲ್ಲ. "ಕಟ್ಟೀ ಮ್ಯಾಲ ಒಪ್ಸಿ ಬಂದಿದ್ನಲ್ಲ ನಾ," ಎಂದ. ಸ್ವಲ್ಪ ಹೊತ್ತಿಗೆ ಮತ್ತೆ, "ನಾ ಹೇಳೀನೇನು ಆಕಿಗೆ, ಚಪ್ಲಿ ಬಿಡು ಅಂತ?" ಎಂದ. ಕೇಳುತ್ತಿದ್ದದ್ದು ನನ್ನನ್ನಲ್ಲ.

ನೋಡಿ, ಅಪ್ಪಣೆ ಮಾಡಿದವನೊಬ್ಬ ಇದ್ದರೆ ಅವನ ವಿರುದ್ಧ ನಿಲ್ಲಬಹುದು. ಇಲ್ಲಿ ಅಪ್ಪಣೆಯೇ ಇಲ್ಲ. ಯಾವ ಕಾಲದಲ್ಲಿ ಯಾರು ಹೇಳಿದರೋ, ಅವರೂ ಇಲ್ಲ, ಅವರ ಮಕ್ಕಳೂ ಇಲ್ಲ. ಕಟ್ಟೆಯವರು ನಾವು ಕೇಳಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ಹೆಂಗಸರು ನಾವು ಹೆದರಿಲ್ಲ, ಮರ್ಯಾದೆಗೆ ಬಿಡುತ್ತೇವೆ ಎನ್ನುತ್ತಾರೆ. ಅದೂ ಪೂರ್ತಿ ಸುಳ್ಳಲ್ಲ. ಝಂಡಾ ಹಾರಿಸುವಾಗ ಅದೇ ಚಾವಡಿಯ ಎದುರು ಗಂಡಸರೂ ಹೆಂಗಸರೂ ಎಲ್ಲರೂ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಅದು ಗೌರವ. ಅದು ಮುಗಿದ ಮೇಲೆ ಗಂಡಸರು ಅಲ್ಲೇ ಮೆಟ್ಟಿಕೊಳ್ಳುತ್ತಾರೆ, ಹೆಂಗಸರು ತಿರುವು ದಾಟಿ ಮೆಟ್ಟಿಕೊಳ್ಳುತ್ತಾರೆ. ಗೌರವ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು? ಕಾಲಿಗೆ ತಿಳಿಯುವುದಿಲ್ಲ. ತಲೆಗೂ ತಿಳಿಯುವುದಿಲ್ಲ.

ಮೊನ್ನೆ ಡಿಸ್ಚಾರ್ಜ್ ಆಯಿತು. ಮಗ ಕಾರು ತಂದ. ಮುಂದೆ ದಾದಾ, ಹಿಂದೆ ನಾನು, ವೈನಿ. ದಾರಿಯುದ್ದಕ್ಕೂ ವೈನಿ ತನ್ನ ಎಮ್ಮೆಯ ಚಿಂತೆ ಮಾಡುತ್ತ ಬಂದಳು. ಬೇರೆಯವರು ಹಿಂಡಿದರೆ ಅದು ಒದೆಯುತ್ತದೆ. ಊರಿನ ಬಸ್‌ಸ್ಟಾಪು ಬಂದ ಕೂಡಲೇ ಕಾರು ನಿಲ್ಲಿಸು ಎಂದಳು.

ಮನೆಯ ಮುಂದೆಯೇ ಬಿಡುತ್ತಾನೆ, ಕೂತಿರು ಎಂದು ದಾದಾ ಹೇಳಿದ.

"ಇಲ್ಲೇ ಇಳೀತೇನಿ."

ಡಾಕ್ಟರು ನಾಲ್ಕು ಹೆಜ್ಜೆ ನಡೆಯಲಿ ಎಂದಿದ್ದರು, ಹೀಗೆ ಊರು ಸುತ್ತಲಿ ಎಂದಿರಲಿಲ್ಲ. ನಾನು ಹೇಳಿದೆ. ಕೇಳಲಿಲ್ಲ. ಬಾಗಿಲು ತೆಗೆದು ಇಳಿದೇಬಿಟ್ಟಳು. ಒಂದು ಕಾಲಿಗೆ ಬ್ಯಾಂಡೇಜಿನ ಮೇಲೆ ಹಾಕುವ ದೊಡ್ಡ ಚಪ್ಪಲಿ, ಇನ್ನೊಂದಕ್ಕೆ ಮೊದಲಿನದು. ನಾನು ಮೊಣಕೈ ಹಿಡಿದೆ. ದಾದಾ ಬ್ಯಾಗು ಹಿಡಿದು ಹಿಂದೆ ಬಂದ. ಚಪ್ಪಲಿಯ ಬಗ್ಗೆ ಅವನೂ ಅವತ್ತು ಏನೂ ಹೇಳಲಿಲ್ಲ. ಹೇಳಲಿಲ್ಲ ಎಂಬುದು ದೊಡ್ಡದೋ ಸಣ್ಣದೋ, ನನಗೆ ಇನ್ನೂ ಲೆಕ್ಕ ಹತ್ತಿಲ್ಲ.

ತಿರುವು ಬಂತು. ಅವಳ ಕೈ ಗೋಡೆಯ ಕಡೆ ಹೋಯಿತು. ಆದರೆ ಅವಳು ಬಗ್ಗಲಿಲ್ಲ. ಗೋಡೆ ಹಿಡಿದು ಉಸಿರು ತಗೊಂಡಳು, ಅಷ್ಟೇ. ನಡೆದಳು.

ಕಟ್ಟೆ ತುಂಬಿತ್ತು. ಮಾತು ನಿಂತಿತು. ಚಪ್ಪಲಿ ದೊಡ್ಡದಾಗಿದ್ದರಿಂದ ಹೆಜ್ಜೆ ಹೆಜ್ಜೆಗೂ ಟಪ್ ಟಪ್ ಎನ್ನುತ್ತಿತ್ತು. ಬಾಳು ಕಾಕಾ ಕಾಲು ನೋಡಿದ. ಮುಖ ನೋಡಿದ. ಕೆಮ್ಮಿದ.

"ಬಂದೇನವಾ ಅಕ್ಕಾತಾಯಿ? ಆರಾಮ?"

"ಆರಾಮ್ರಿ ಕಾಕಾ."

"ಹೂಂ. ಸಾವಕಾಶ ಹೋಗವಾ."

ಅಷ್ಟೇ. ಕಟ್ಟೆಯ ಮೇಲೆ ಮತ್ತೆ ಮಾತು ಶುರುವಾಯಿತು. ಈ ಸಲದ ಕಬ್ಬಿನ ದರದ ಮಾತು.

ನಾವು ತಿರುವು ದಾಟಿದೆವು. ಮುಮ್ತಾಜ ಭಾಬಿಯ ಮನೆಯ ಮೆಟ್ಟಿಲು ಸಿಕ್ಕಿದ ಕೂಡಲೇ ವೈನಿ ಕೂತಳು. ಸುಸ್ತಾಯಿತೇನೋ ಎಂದುಕೊಂಡೆ. ನೋಡಿದರೆ ಅಳುತ್ತಿದ್ದಳು. ಬೆರಳು ತೆಗೆದಾಗ ಅತ್ತಿರಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಹೆಗಲು ಅಲುಗಿಸುತ್ತ ಅತ್ತಳು. ದಾದಾ ಸ್ವಲ್ಪ ದೂರದಲ್ಲಿ ಬ್ಯಾಗು ಹಿಡಿದು ನಿಂತೇ ಇದ್ದ. ಆಮೇಲೆ ಮುಖ ಒರೆಸಿಕೊಂಡು ವೈನಿ ನನ್ನನ್ನು ಕೇಳಿದಳು.

"ಯಾರೂ ಏನೂ ಅನ್ಲಿಲ್ಲಲ್ಲ ತಂಗಿ. ಇಷ್ಟ ಇತ್ತೇನ?"

ಊರೂರಿನ ಕಟ್ಟೆಯ ಮೇಲೆ ಕೂತು ಈ ಪೇಪರು ಓದುತ್ತಿರುವ ಅಣ್ಣಂದಿರೇ, ನೀವಾದರೂ ಹೇಳಿ, ಇಷ್ಟೇ ಇತ್ತೇ?